ರುಮಟಾಯ್ಡ್ ಇದ್ದೋರಿಗೆ ನಾನು ಬರೀ ಕ್ಯಾಲ್ಸಿಯಂ ಬರೆದು ಕಳಿಸಲ್ಲ

ದಾವಣಗೆರೆಲಿ ನಂದೊಂದು ಕ್ಲಿನಿಕ್, ಬರೋರು ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯವ್ರೇ ಜಾಸ್ತಿ. ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲು ಊದಿ ನೋಯೋ ಕಾಯಿಲೆ ಇರೋ ಹೆಣ್ಮಕ್ಳು ಬಂದ್ರೆ ಬೆರಳು, ಮಣಿಕಟ್ಟು ನೋಡಿದ್ಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಂತ್ಕೊಳ್ರಮ್ಮ ಅಂತೀನಿ. ಹಿಮ್ಮಡಿ, ಬೆನ್ನು ಎರಡೂ ಗೋಡೆಗೆ ತಾಗಿ ತಲೆ ಮಾತ್ರ ತಾಗ್ದೆ ಉಳಿದ್ರೆ, ಇಲ್ಲಾ ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳು ಹಿಡಿಸೋಷ್ಟು ಜಾಗ ಇಲ್ದಿದ್ರೆ ಬೆನ್ನುಮೂಳೆ ಎಲ್ಲೋ ಕುಸಿದಿರಬಹುದು ಅಂತ ಅನುಮಾನ, ಸೀದಾ ಎಕ್ಸ್‌ರೇ. "ಡಾಕ್ಟ್ರೇ, ವಾಯು ಬಂದಿರೋದು ಕೈಗೆ, ನೀವು ಬೆನ್ನು ಯಾಕೆ ನೋಡ್ತೀರಿ?" ಅಂತ ಎಲ್ರೂ ಕೇಳ್ತಾರೆ.

ಕೇಳೋದು ಸರಿನೇ. ಈ ಕಾಯಿಲೆ ಬರೀ ಕೀಲಿಂದಲ್ಲ, ಇಮ್ಯೂನ್ ಸಿಸ್ಟಮ್‌ದು, ಅಂದ್ರೆ ಮೈಯಲ್ಲಿ ರೋಗದ ವಿರುದ್ಧ ಹೋರಾಡೋ ವ್ಯವಸ್ಥೆದು, ಅದೂ ಅವ್ರ ವಯಸ್ಸಿಗಿಂತ ಮುಂಚೆ ಮುದಿಯಾಗಿರೋ ಇಮ್ಯೂನ್ ಸಿಸ್ಟಮ್. ಎದೆಮೂಳೆ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಐತೆ, ಟಿ ಸೆಲ್ ಅನ್ನೋ ಬಿಳಿ ರಕ್ತಕಣಗಳು ಪಳಗೋದು ಅಲ್ಲೇ, ವಯಸ್ಸಾಗ್ತಾ ಅದು ಎಲ್ರಿಗೂ ಕುಗ್ಗುತ್ತೆ. ರುಮಟಾಯ್ಡ್‌ನಲ್ಲಿ ಹೊಸ ಟಿ ಸೆಲ್ ಬರೋದು ಇನ್ನೂ ಬೇಗ ಕಮ್ಮಿ ಆಗಿರುತ್ತೆ ಅಂತ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿದ್ದ ವೆಯಾಂಡ್, ಗೊರಾನ್ಜಿ ಅವ್ರ ತಂಡ 2000ದಲ್ಲೇ ತೋರಿಸ್ತು. ಹೊಸಬು ಬರ್ದೇ ಇದ್ರೆ ಇರೋವೇ ಒಡೆದು ಒಡೆದು ಎರಡಾಗ್ತಾ ಹೋಗ್ತವೆ, ಟೆಲೋಮಿಯರ್ ಅನ್ನೋ ಕ್ರೋಮೋಸೋಮ್ ತುದಿ ಸವೆಯುತ್ತೆ, ಮೇಲಿರೋ ಸಿಡಿ28 ಅನ್ನೋ ಪ್ರೋಟೀನ್ ಕಳ್ಕೊಳ್ತವೆ, ಹಂಗಂತ ಸುಮ್ನೆ ಸಾಯಲ್ಲ, ಕೂತ್ಕೊಂಡು ಟಿಎನ್‌ಎಫ್ ತರದ ಉರಿಯೂತದ ಕೆಮಿಕಲ್ ಬಿಡ್ತಾನೇ ಇರ್ತವೆ.

ಮೂಳೆಗೆ ಏಟು ಬೀಳೋದು ಇಲ್ಲಿಂದ. ಕೆರಳಿದ ಟಿ ಸೆಲ್‌ಗಳು, ಕೀಲಿನ ಪೊರೆ ಸೆಲ್‌ಗಳು ರ್‍ಯಾಂಕ್‌ಎಲ್ ಅನ್ನೋ ಸಿಗ್ನಲ್ ಕೊಡ್ತವೆ, ಅದು ಸಿಕ್ರೆ ಮೂಳೆ ಕರಗಿಸೋ ಆಸ್ಟಿಯೊಕ್ಲಾಸ್ಟ್‌ಗಳು ಹುಟ್ಕೊಳ್ತವೆ. ಮೂಳೆ ಕಟ್ಟೋ ಸೆಲ್‌ಗಳನ್ನ ಅದೇ ಟಿಎನ್‌ಎಫ್ ಹಿಂದಕ್ಕೆ ಎಳೆಯುತ್ತೆ. ನಮ್ಮೂರ ರಸ್ತೆ ಇದ್ದಂಗೆ, ಅಗೆಯೋ ಜೆಸಿಬಿ ದಿನಾ ಬರುತ್ತೆ, ಟಾರ್ ಹಾಕೋರು ಮಾತ್ರ ಪತ್ತೆ ಇಲ್ಲ. ಆಂಟಿ ಸಿಸಿಪಿ ಅನ್ನೋ ರುಮಟಾಯ್ಡ್ ರಕ್ತಪರೀಕ್ಷೆ ಪಾಸಿಟಿವ್ ಇರೋರಲ್ಲಿ ಕೀಲು ಊದಿಕೊಳ್ಳೋ ಮೊದ್ಲೇ ಮೂಳೆ ತೆಳುವಾಗೋಕೆ ಶುರುವಾಗಿರಬಹುದು. ಇಷ್ಟೆಲ್ಲಾ ಒಳಗೆ ನಡೀತಿರುವಾಗ ಕ್ಯಾಲ್ಸಿಯಂ ಮಾತ್ರೆ ಒಂದೇ ಏನ್ ಮಾಡುತ್ತೆ ಹೇಳಿ. ರಾಗಿಮುದ್ದೆ ಉಣ್ಣಿ, ಒಳ್ಳೇದೇ, ಆದ್ರೆ ಮುದ್ದೆ ಈ ಸಿಗ್ನಲ್ ನಿಲ್ಲಿಸಲ್ಲ.

ಹಂಗಾಗಿ ನನ್ನ ಮೊದಲ ಮೂಳೆ ಔಷಧಿ ಅಂದ್ರೆ ರುಮಟಾಯ್ಡ್ ಉರಿಯೂತ ಇಳಿಸೋ ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ, ಜೊತೆಗೆ ಫೋಲಿಕ್ ಆಸಿಡ್. ಯಾವ ದಿನ ಅಂತ ಚೀಟಿ ಮೇಲೆ ದಪ್ಪಗೆ ಕನ್ನಡದಲ್ಲಿ ಬರೀತೀನಿ, ಯಾಕಂದ್ರೆ ಇದನ್ನ ದಿನಾ ನುಂಗಿದ್ರೆ ಜೀವಕ್ಕೇ ಅಪಾಯ. ಉರಿಯೂತ ಇಳಿದ್ರೆ ಮೂಳೆ ಕರಗೋದೂ ನಿಧಾನ ಆಗುತ್ತೆ.

ಆಮೇಲೆ ಚೀಲ. ತಗೊಳ್ತಿರೋ ಮಾತ್ರೆ ಎಲ್ಲಾ ತನ್ನಿ ಅಂದ್ರೆ ಪ್ಲಾಸ್ಟಿಕ್ ಕವರ್ ತಂದು ಟೇಬಲ್ ಮೇಲೆ ಸುರೀತಾರೆ: ಅರ್ಧ ಕತ್ತರಿಸಿದ ಸ್ಟ್ರಿಪ್, ಹೆಸರೇ ಇಲ್ದ ಪೊಟ್ಟಣದಲ್ಲಿ ಪುಡಿ, ಗ್ಯಾಸಿನ ಮಾತ್ರೆ. ಎರಡೇ ದಿನಕ್ಕೆ ನೋವು ಮಾಯ ಆಯ್ತು, ಮುಖ ದುಂಡಗಾಯ್ತು ಅಂದ್ರೆ ಅದ್ರಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ನನ್ ಲೆಕ್ಕ. ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ, ಶುರುವಲ್ಲಿ ನಾನೂ ಕೊಡ್ತೀನಿ, ಆದ್ರೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ದಿನಕ್ಕೆ 2.5 ಮಿಲಿಗ್ರಾಂ ಇದ್ರೂ 3 ತಿಂಗಳು ದಾಟಿತು ಅಂದ್ರೆ ಮೂಳೆ ಮುರಿಯೋ ಅಪಾಯದ ಲೆಕ್ಕ ಬೇರೆನೇ ಹಾಕ್ಬೇಕು, ಜಾಸ್ತಿ ನಷ್ಟ ಆಗೋದೂ ಮೊದಲ ಕೆಲವು ತಿಂಗಳಲ್ಲೇ. ತಿಂಗಳುಗಟ್ಲೆ ತಗೊಂಡೋರು ಭಯಬಿದ್ದು ಒಮ್ಮೆಲೇ ಬಿಡಂಗೂ ಇಲ್ಲ, ಇಳಿಸ್ತಾ ಬರ್ಬೇಕು.

ಜಗಳೂರು ಕಡೆಯ ಒಬ್ಬ ತಾಯಿ, ಐವತ್ತರ ಆಸುಪಾಸು, ನೀರಿನ ಕೊಡ ಎತ್ತುವಾಗ ಬೆನ್ನಲ್ಲಿ ಛಳಕ್ ಅಂತಂತೆ, ಉಳುಕು ಅಂತ ತಿಂಗಳಾನುಗಟ್ಲೆ ಎಣ್ಣೆ ಹಚ್ಚಿದ್ರು. ಎಕ್ಸ್‌ರೇಲಿ ಒಂದು ಮಣಿ ಮುಂದಕ್ಕೆ ಬೆಣೆ ತರ ಕುಸಿದಿತ್ತು. ಡೆಕ್ಸಾ ಸ್ಕ್ಯಾನ್‌ನಲ್ಲಿ ಮೂಳೆ ಸಾಂದ್ರತೆ ಹೇಳೋ ಟಿ ಸ್ಕೋರ್, ಮೂಳೆ ಸವೆತದ ಗಡಿಯಾದ ಮೈನಸ್ 2.5 ಮುಟ್ಟಿರ್ಲಿಲ್ಲ, ಆದ್ರೂ ಟ್ರೀಟ್‌ಮೆಂಟ್ ಶುರು ಮಾಡಿದೆ, ಹಿಂಗೆ ಸುಮ್ಮಸುಮ್ನೆ ಮುರಿದ ಮೇಲೆ ನಂಬರ್ ಕಾಯ್ಕೊಂಡು ಕೂರಂಗಿಲ್ಲ.

ಯಾವ ಔಷಧಿ ಅನ್ನೋದು ಊರಿನ ಬಸ್ ನೋಡಿ ತೀರ್ಮಾನ ಅಂದ್ರೂ ತಪ್ಪಲ್ಲ. ಮೂಳೆ ಕರಗೋದು ತಡೆಯೋ ಅಲೆಂಡ್ರೊನೇಟ್ ಮಾತ್ರೆ ವಾರಕ್ಕೊಂದು, ಖಾಲಿ ಹೊಟ್ಟೆಲಿ ಬರೀ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗಂಗಿಲ್ಲ, ಟೀನೂ ಇಲ್ಲ. ಎದ್ದ ತಕ್ಷಣ ಟೀ ಬೇಕು ಅನ್ನೋರ ಹತ್ರ ಇದು ನಡಿಯಲ್ಲ. ರ್‍ಯಾಂಕ್‌ಎಲ್‌ನೇ ಹಿಡಿದು ತಡೆಯೋ ಡೆನೊಸುಮ್ಯಾಬ್ ಇಂಜೆಕ್ಷನ್ ಐತೆ, 6 ತಿಂಗಳಿಗೊಮ್ಮೆ, ಕೇಳಿದ್ರೆ ಇದೇ ಬೆಸ್ಟ್ ಅನ್ಸುತ್ತೆ, ಆದ್ರೆ ಮಧ್ಯದಲ್ಲಿ ಬಿಟ್ರೆ ಮೂಳೆ ಮತ್ತೆ ಜೋರಾಗಿ ಕರಗಿ ಬೆನ್ನಿನ ಮಣಿಗಳು ಸಾಲಾಗಿ ಮುರಿದಿರೋ ಉದಾಹರಣೆ ಉಂಟು. ಸುಗ್ಗಿ, ಮದುವೆ, ಜಾತ್ರೆ ಅಂತ ತಾರೀಕು ತಪ್ಪಿಸೋರಿಗೆ ನಾನು ಕೊಡಲ್ಲ. ಆ ತಾಯಿಗೂ ವರ್ಷಕ್ಕೊಂದು ಸಲದ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ಪೇ ಕೊಟ್ಟೆ. ಅದಕ್ಕೆ ಮೊದ್ಲು ಕಿಡ್ನಿ ಹೆಂಗೈತೆ ಅಂತ ಕ್ರಿಯಾಟಿನಿನ್ ನೋಡಿ, ವಿಟಮಿನ್ ಡಿ ತುಂಬಿಸಿ, ಹಲ್ಲು ಕೀಳಿಸೋದಿದ್ರೆ ಮುಂಚೆನೇ ಮುಗಿಸ್ಕೊಂಡು ಬನ್ನಿ ಅಂದಿದ್ದೆ. ಡ್ರಿಪ್ ಆದ ರಾತ್ರಿ ಚಳಿ ಜ್ವರ, ಮೈಕೈ ನೋವು ಬರಬಹುದು, ಒಂದೆರಡು ದಿನಕ್ಕೆ ಇಳಿಯುತ್ತೆ, ಪ್ಯಾರಸಿಟಮಾಲ್ ಸಾಕು ಅಂತ ಮಗನಿಗೂ ಹೇಳಿ ಕಳಿಸಿದೆ, ಇಲ್ಲಾಂದ್ರೆ ಮಧ್ಯರಾತ್ರಿ ಫೋನ್ ಗ್ಯಾರಂಟಿ.