ಪ್ರಶ್ನೆಯ ತವರು ಹುಡುಕಿ: ಒಂದೇ ವೆಬ್‌ಸೈಟ್ ನೋಡುವ ರೂಢಿ ಬಿಡುವುದು ಹೇಗೆ?

2018ರ ಜುಲೈ. ಜಗಳೂರು ತಾಲ್ಲೂಕಿನ ನಮ್ಮ ಊರಿಂದ ಚಿಕ್ಕಪ್ಪ ಫೋನ್ ಮಾಡಿದರು. ಮೆಕ್ಕೆಜೋಳ ಮೊಣಕಾಲುದ್ದ ಬಂದಿತ್ತು. ಸುಳಿಯೊಳಗೆ ಹುಳ ಕೂತಿದೆ, ಎಲೆಯೆಲ್ಲ ಜರಡಿ ಆಗಿದೆ ಅಂದರು. "ಏನ್ ಹೊಡೀಬೇಕು, ಸ್ವಲ್ಪ ಮೊಬೈಲ್ ನೋಡಿ ಹೇಳಪ್ಪ" ಅಂತ ಕೇಳಿದರು. ನಾನು ದಾವಣಗೆರೆಯಲ್ಲಿ ಕೂತು, ಎಂದಿನಂತೆ ಆ ಒಂದು ವೆಬ್‌ಸೈಟ್ ತೆಗೆದೆ. ಆಗೆಲ್ಲ ಅಡುಗೆಯಿಂದ ಹಿಡಿದು ಆಧಾರ್‌ವರೆಗೆ ಯಾವುದಕ್ಕೂ ನಾನು ಅದನ್ನೇ ನೋಡುತ್ತಿದ್ದೆ. ಸುಳಿಯಲ್ಲಿ ಹುಳ ಇದ್ದರೆ ಅದು ಕಾಂಡಕೊರಕ ಅಂತ ಅಲ್ಲಿ ಬರೆದಿತ್ತು. ಔಷಧಿಯ ಹೆಸರೂ ಇತ್ತು. ಚಿಕ್ಕಪ್ಪ ಅದನ್ನೇ ತಂದು ಹೊಡೆದರು. ಹುಳ ಹೋಗಲಿಲ್ಲ. ಎಂಟು ದಿನ ಹೋಯಿತು, ದುಡ್ಡೂ ಹೋಯಿತು.

ಆಮೇಲೆ ಅವರು ಡಬ್ಬಿಯೊಂದರಲ್ಲಿ ನಾಲ್ಕು ಹುಳ ಹಾಕಿಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಬಂದರು. ಅಲ್ಲಿನವರು ಮೊದಲು ನೋಡಿದ್ದು ಹುಳದ ತಲೆಯನ್ನು. ತಲೆ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ಬುಡಮೇಲು ಮಾಡಿದಂಥ ಬಿಳಿ ಗೆರೆ. ಬಾಲದ ಹತ್ತಿರ ಚೌಕಕ್ಕೆ ನಾಲ್ಕು ಕಪ್ಪು ಚುಕ್ಕೆ. ಅದು ಫಾಲ್ ಸೈನಿಕ ಹುಳು. ಮೂಲ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಅದೂ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಗುರುತು ಹಿಡಿದವರು ಅಲ್ಲಿನ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು.

ನಾನು ಓದಿದ ಪುಟ ಸುಳ್ಳು ಹೇಳಿರಲಿಲ್ಲ. ಆ ಹುಳ ನಮ್ಮ ದೇಶಕ್ಕೆ ಬರುವ ಮೊದಲೇ ಅದನ್ನು ಬರೆದಿದ್ದರು, ಅಷ್ಟೇ. ಸರಿಯಾದ ಉತ್ತರ ದಾವಣಗೆರೆಯಿಂದ ಎರಡು ಗಂಟೆಯ ಬಸ್ ದಾರಿಯಲ್ಲಿತ್ತು. ನಾನು ಕೇಳಬಾರದ ಕಡೆ ಕೇಳಿದ್ದೆ. ಅವತ್ತಿನಿಂದ ಒಂದು ಮಾತು ನನ್ನ ಮನಸ್ಸಲ್ಲಿ ಕೂತಿದೆ. ಪ್ರತಿ ಪ್ರಶ್ನೆಗೂ ಒಂದು ತವರು ಇರುತ್ತದೆ. ಅಲ್ಲಿಗೇ ಹೋಗಿ ಕೇಳಬೇಕು. ಈ ರೂಢಿ ಒಂದೇ ದಿನಕ್ಕೆ ಬರುವುದಿಲ್ಲ. ನನಗೆ ಅನುಕೂಲವಾದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ಏನೇ ಹುಡುಕಿದರೂ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಎಲ್ಲಿ ನೋಡಿದಿರಿ, ಆ ಉತ್ತರ ಹಿಡಿದು ಏನು ಮಾಡಿದಿರಿ ಅನ್ನುವುದನ್ನೂ ಬರೆಯಿರಿ. ಏಳು ದಿನ ಸಾಕು. ಈ ವಾರ ಏನನ್ನೂ ಬದಲಾಯಿಸಬೇಡಿ.

ನನ್ನ ಮೊದಲ ವಾರದ ಪಟ್ಟಿ ಹೀಗಿತ್ತು: ಬೆಣ್ಣೆ ದೋಸೆ ಹಿಟ್ಟಿಗೆ ಮಂಡಕ್ಕಿ ಎಷ್ಟು ಹಾಕಬೇಕು, ಮಗಳಿಗೆ ಜ್ವರದ ಸಿರಪ್ ಎಷ್ಟು ಎಂಎಲ್ ಕೊಡಬೇಕು, ಜಮೀನು ಭಾಗ ಮಾಡಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬರಲು ಏನು ಮಾಡಬೇಕು, ಅಡಿಕೆ ರೇಟು, ವಾಣಿ ವಿಲಾಸ ಸಾಗರ ಎಷ್ಟು ಸಲ ತುಂಬಿದೆ. ಐದಕ್ಕೂ ಒಂದೇ ವೆಬ್‌ಸೈಟ್!

ವಾರ ಮುಗಿದ ಮೇಲೆ ಕೆಂಪು ಪೆನ್ನು ತೆಗೆದುಕೊಳ್ಳಿ. ಉತ್ತರ ತಪ್ಪಾದರೆ ದುಡ್ಡು, ಆರೋಗ್ಯ, ಜಮೀನು, ಪರೀಕ್ಷೆಯ ಅಂಕ ಹೋಗುತ್ತದೆ ಅನ್ನುವ ಪ್ರಶ್ನೆಗಳಿಗೆ ಗುರುತು ಹಾಕಿ. ಉಳಿದವನ್ನು ಬಿಟ್ಟುಬಿಡಿ. ಮಂಡಕ್ಕಿ ಒಂದು ಹಿಡಿ ಜಾಸ್ತಿ ಆದರೆ ದೋಸೆ ಸ್ವಲ್ಪ ಬೇರೆ ಥರ ಬರುತ್ತದೆ, ಅಷ್ಟೇ ಅಲ್ವಾ? ಅದಕ್ಕೆ ನಾಲ್ಕು ಕಡೆ ಹುಡುಕುತ್ತಾ ಕೂರಬೇಕಿಲ್ಲ. ಎಲ್ಲವನ್ನೂ ಪರೀಕ್ಷೆ ಮಾಡುತ್ತೇನೆ ಅಂತ ಹೊರಟವರು ಮೂರೇ ದಿನಕ್ಕೆ ಸುಸ್ತಾಗಿ ಹಳೆಯ ದಾರಿಗೆ ಬರುವುದನ್ನು ನಾನು ನೋಡಿದ್ದೇನೆ.

ಕೆಂಪು ಗುರುತಿನ ಪ್ರಶ್ನೆಗೆ ತವರು ಯಾವುದು?

ಮುಖ್ಯವಾದ ಕೆಲಸ ಇದೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಈ ವಿಷಯ ಮೊದಲು ಗೊತ್ತಾಗುವುದು ಯಾರಿಗೆ?’

ಮೆಕ್ಕೆಜೋಳದ ರೇಟನ್ನೇ ನೋಡೋಣ. ಅದು ಹುಟ್ಟುವುದು ಎಪಿಎಂಸಿ ಅಂಗಳದಲ್ಲಿ. ಆ ದಿನದ ಆವಕ ಮತ್ತು ಧಾರಣೆ ರಾಜ್ಯ ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಮಾರುಕಟ್ಟೆವಾರು ಸಿಗುತ್ತದೆ. ಅಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ಬೆಲೆ) ಅಂತ ಮೂರು ಬೆಲೆ ಇರುತ್ತವೆ. ಬೇರೆ ವೆಬ್‌ಸೈಟ್‌ಗಳು ಎಷ್ಟೋ ಸಲ ಒಂದನ್ನೇ ಎತ್ತಿ ಹಾಕುತ್ತವೆ. ಗರಿಷ್ಠ ಬೆಲೆ ನೋಡಿಕೊಂಡು ಹಸಿ ಕಾಳು ತಂದ ರೈತ ಮಾರುಕಟ್ಟೆಯಲ್ಲಿ ಎದೆ ಒಡೆದುಕೊಳ್ಳಬೇಕಾಗುತ್ತದೆ. ಕಾಳಿನ ತೇವಾಂಶ ನೋಡಿ ರೇಟು ಕಟ್ಟುತ್ತಾರೆ ಅನ್ನುವುದು ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ.

ಪಹಣಿಗೆ ತವರು ಕಂದಾಯ ಇಲಾಖೆ. 2000ದಿಂದ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರ್‌ಗೆ ಬಂದಿದೆ. ಏನೇ ಅನುಮಾನ ಬಂದರೂ ಅಲ್ಲೇ ನೋಡಿ, ಇಲ್ಲವೇ ನಾಡಕಚೇರಿಗೆ, ತಾಲ್ಲೂಕು ಕಚೇರಿಗೆ ಹೋಗಿ. ಮಳೆ ವಿಷಯಕ್ಕೆ ಹವಾಮಾನ ಇಲಾಖೆ ಇದೆ. ಜೊತೆಗೆ ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಮಾಪಕ ಇಟ್ಟಿದೆ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಕೀ ಉತ್ತರವನ್ನು ಪರೀಕ್ಷೆ ನಡೆಸಿದ ಸಂಸ್ಥೆಯಲ್ಲೇ ನೋಡಬೇಕು. ಮಗುವಿನ ಸಿರಪ್ ಎಷ್ಟು ಅನ್ನುವುದು ಮಗುವಿನ ತೂಕದ ಮೇಲೆ, ಬಾಟಲಿಯಲ್ಲಿರುವ ಔಷಧಿ ಎಷ್ಟು ಗಟ್ಟಿ ಅನ್ನುವುದರ ಮೇಲೆ ನಿಂತಿದೆ. ಅದನ್ನು ಡಾಕ್ಟರನ್ನೇ ಕೇಳಿ. ಇದರಲ್ಲಿ ಬೇರೆ ಮಾತೇ ಇಲ್ಲ.

ಬೆಳೆಗೆ ರೋಗ, ಹುಳ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಹತ್ತಿರವೇ ಇರುತ್ತದೆ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ಚಿತ್ರದುರ್ಗ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಸುಮ್ನೆ ಫೋಟೋ ಕಳಿಸುವುದಕ್ಕಿಂತ ಹುಳ ಬಿದ್ದ ಗಿಡವನ್ನೇ ತೆಗೆದುಕೊಂಡು ಹೋಗಿ. ತಲೆ ಮೇಲಿನ ಆ ‘ವೈ’ ಗೆರೆ ಚಿಕ್ಕಪ್ಪನ ಮೊಬೈಲ್ ಫೋಟೋದಲ್ಲಿ ಕಂಡಿರಲಿಲ್ಲ.

ತವರಿನಲ್ಲೂ ಎರಡು ಮಾತು ಇರಬಹುದು

ಚಿತ್ರದುರ್ಗದ ಚಂದ್ರವಳ್ಳಿಗೆ ಹೋದವರು ಅಲ್ಲಿನ ಬಂಡೆ ಮೇಲೆ ಮಯೂರಶರ್ಮನ ಶಾಸನ ನೋಡಿರುತ್ತೀರಿ. 1929ರಲ್ಲಿ ಅಲ್ಲಿ ಉತ್ಖನನ ಮಾಡಿದ ಎಂ.ಎಚ್. ಕೃಷ್ಣ ಅವರು ಅದನ್ನು ಓದಿದರು. ಮಯೂರಶರ್ಮ ಯಾವ ಯಾವ ರಾಜಮನೆತನಗಳನ್ನು ಗೆದ್ದ ಅನ್ನುವ ಪಟ್ಟಿ ಆ ಓದಿನಿಂದ ಬಂತು. ಇವತ್ತಿಗೂ ಎಷ್ಟೋ ವೆಬ್‌ಸೈಟ್‌ಗಳಲ್ಲಿ ಆ ಪಟ್ಟಿ ಹಾಗೇ ಇದೆ. ಆದರೆ ಸವೆದ ಅಕ್ಷರಗಳ ಆ ಕೆಲವೇ ಸಾಲುಗಳನ್ನು ಆಮೇಲಿನ ವಿದ್ವಾಂಸರು ಬೇರೆ ಥರ ಓದಿದ್ದಾರೆ. ಆ ಪಟ್ಟಿಯನ್ನು ಒಪ್ಪದವರೂ ಇದ್ದಾರೆ. ಒಂದೇ ಕಡೆ ಓದಿದವರಿಗೆ ಇಂಥದ್ದೊಂದು ಚರ್ಚೆ ಇದೆ ಅಂತಲೇ ಗೊತ್ತಾಗುವುದಿಲ್ಲ. ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೇ. ತಪ್ಪು ಉತ್ತರವನ್ನು ಮುಂದೆ ಯಾವಾಗಲಾದರೂ ತಿದ್ದಿಕೊಳ್ಳಬಹುದು. ಆದರೆ ಇನ್ನೊಂದು ಓದು ಇದೆ ಅನ್ನುವುದೇ ತಿಳಿಯದಿದ್ದರೆ ಯಾರೂ ಹುಡುಕಲು ಹೋಗುವುದಿಲ್ಲ.

ಶಾಲೆಯ ಪ್ರಾಜೆಕ್ಟ್‌ಗೆ ಊರಿನ ಇತಿಹಾಸ ಹುಡುಕುವ ಮಕ್ಕಳಿಗೆ ಒಂದು ಸುಳಿವು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ದಾವಣಗೆರೆ, ಹರಿಹರ, ಜಗಳೂರು ಸಿಗುವುದು ಚಿತ್ರದುರ್ಗ ಜಿಲ್ಲೆಯ ಕೆಳಗೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಹರಿಹರದ ಶಾಸನಗಳೂ ಅದರಲ್ಲೇ ಇವೆ. ನಿಮ್ಮ ಊರಿನ ಗುಡಿ ಮುಂದೆ ಶಾಸನದ ಕಲ್ಲು ಇದ್ದರೆ ಅದೂ ಅದರಲ್ಲಿ ಇರಬಹುದು, ಹುಡುಕಿ ನೋಡಿ. ಕಲ್ಲನ್ನು ಕಣ್ಣಾರೆ ನೋಡಿ ಪುಸ್ತಕದ ಸಾಲಿನ ಜೊತೆ ಹೋಲಿಸಿದ ಮಗು ಆ ಖುಷಿಯನ್ನು ಮರೆಯುವುದಿಲ್ಲ.

ಪುಟದಿಂದ ಬೇಗ ಹೊರಗೆ ಬನ್ನಿ

ಗೊತ್ತಿಲ್ಲದ ವೆಬ್‌ಸೈಟ್ ಎದುರಾದರೆ ನಾವು ಅದನ್ನೇ ಮೇಲಿಂದ ಕೆಳಗೆ ಓದುತ್ತೇವೆ. ಚೆಂದದ ಲೋಗೋ ಇದ್ದರೆ, ಅಕ್ಷರ ತಪ್ಪಿಲ್ಲದಿದ್ದರೆ ನಂಬುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು (ಬರೆದದ್ದು ನಿಜವೇ ಅಂತ ಪರೀಕ್ಷಿಸುವುದೇ ಇವರ ಕೆಲಸ), 25 ವಿದ್ಯಾರ್ಥಿಗಳು. ಎಲ್ಲರಿಗೂ ಕೆಲವು ವೆಬ್‌ಸೈಟ್‌ಗಳನ್ನು ಕೊಟ್ಟು ಯಾವುದನ್ನು ನಂಬಬಹುದು ಅಂತ ಕೇಳಿದರು. ತುಂಬಾ ಓದಿಕೊಂಡ ಇತಿಹಾಸಕಾರರಲ್ಲೂ ಹಲವರು ಲೋಗೋ, ಹೆಸರು ನೋಡಿ ಮೋಸ ಹೋದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಆ ಪುಟದಲ್ಲಿ ಜಾಸ್ತಿ ಹೊತ್ತು ನಿಲ್ಲಲೇ ಇಲ್ಲ. ಹೊಸ ಟ್ಯಾಬ್ ತೆರೆದು ‘ಇವರು ಯಾರು’ ಅಂತ ಬೇರೆಯವರು ಬರೆದದ್ದನ್ನು ನೋಡಿದರು. ಹೆಣ್ಣು ಕೊಡುವಾಗ ನಾವು ಮಾಡುವುದೂ ಇದನ್ನೇ ಅಲ್ವಾ? ಹುಡುಗನ ಮನೆಯವರು ಹೇಳಿದ್ದನ್ನು ಕೇಳಿಸಿಕೊಂಡು, ಆ ಓಣಿಯಲ್ಲಿ ನಾಲ್ಕು ಮನೆ ವಿಚಾರಿಸುತ್ತೇವೆ.

ವಿಚಾರಿಸುವಾಗ ಒಂದು ಎಚ್ಚರ ಬೇಕು. ನಾಲ್ಕು ವೆಬ್‌ಸೈಟ್‌ಗಳಲ್ಲಿ ಒಂದೇ ಉತ್ತರ ಇದ್ದರೆ ಅದು ನಾಲ್ಕು ಸಾಕ್ಷಿ ಆಗುವುದಿಲ್ಲ. ಒಬ್ಬರು ಬರೆದದ್ದನ್ನು ಮೂವರು ನಕಲು ಮಾಡಿರಬಹುದು. ಒಂದು ಇಡೀ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಅದೇ ಸಾಲು ಅಕ್ಷರವೂ ಬದಲಾಗದೆ ಹತ್ತು ಕಡೆ ಸಿಕ್ಕರೆ ಹತ್ತನ್ನೂ ಒಂದೇ ಅಂತ ಲೆಕ್ಕ ಹಾಕಿ. ವಿಕಿಪೀಡಿಯ ನೋಡುವವರು ಪುಟದ ಕೊನೆಯಲ್ಲಿರುವ ಉಲ್ಲೇಖಗಳಿಗೆ ಇಳಿಯಿರಿ. ಉಲ್ಲೇಖವೇ ಇಲ್ಲದ ಸಾಲನ್ನು ಬಿಟ್ಟುಬಿಡಿ. ಈಗ ಹುಡುಕಾಟದ ಮೇಲೆಯೇ ಬರುವ ಎಐ ಉತ್ತರಕ್ಕೂ ಇದೇ ನಿಯಮ. ಅದನ್ನು ಎಲ್ಲಿಂದ ತಂದೆ ಅಂತ ಕೇಳಿ, ಕೊಟ್ಟ ಲಿಂಕ್ ತೆರೆದು, ಆ ಮಾತು ಅಲ್ಲಿ ನಿಜವಾಗಿ ಇದೆಯಾ ನೋಡಿ.

ತಾರೀಕು ನೋಡದೆ ನಂಬಬೇಡಿ

ಹರಪನಹಳ್ಳಿ ಯಾವ ಜಿಲ್ಲೆ? ಮೊದಲು ಬಳ್ಳಾರಿಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಬಂತು. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಮೂರು ವೆಬ್‌ಸೈಟ್ ಮೂರು ಜಿಲ್ಲೆ ಹೇಳಿದರೆ, ಬರೆದ ದಿನಕ್ಕೆ ಮೂರೂ ಸರಿ ಇದ್ದಿರಬಹುದು. ಆದರೆ ಅರ್ಜಿ ಹಾಕುವವನಿಗೆ ಇವತ್ತಿನದು ಬೇಕು.

ವಾಣಿ ವಿಲಾಸ ಸಾಗರದ್ದೂ ಇದೇ ಕಥೆ. ಮಾರಿಕಣಿವೆಯ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. ಪೂರ್ತಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿಲ್ಲ ಅಂತ ಹಳೆಯ ಪುಟಗಳಲ್ಲಿ ಇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ, ಮತ್ತೆ ಕೋಡಿ ಬಿತ್ತು. ಆ ನೀರು ನೋಡಲು ಹಿರಿಯೂರಿಗೆ ಜನ ಜಾತ್ರೆಯಂತೆ ಹೋದರು. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಪುಟದಲ್ಲಿ ತಾರೀಕೇ ಇಲ್ಲದಿದ್ದರೆ, ಕೆಂಪು ಗುರುತಿನ ಪ್ರಶ್ನೆಗೆ ಆ ಪುಟವನ್ನು ಬಳಸಬೇಡಿ.

ಇನ್ನು ಬೆರಳಿನ ರೂಢಿ

ಇಷ್ಟೆಲ್ಲ ಗೊತ್ತಿದ್ದರೂ ಬೆರಳು ತಾನಾಗಿ ಹಳೆಯ ಜಾಗಕ್ಕೇ ಹೋಗುತ್ತದೆ. ಆ ವೆಬ್‌ಸೈಟಿನ ಗುರುತನ್ನು ಮೊಬೈಲಿನ ಮೊದಲ ಪರದೆಯಿಂದ ತೆಗೆಯಿರಿ. ಅದೇ ಜಾಗದಲ್ಲಿ ‘ತವರು’ ಅಂತ ಒಂದು ಫೋಲ್ಡರ್ ಮಾಡಿ. ನಿಮ್ಮ ಕೆಂಪು ಪಟ್ಟಿಗೆ ಬೇಕಾದ ನಾಲ್ಕೈದನ್ನು ಮಾತ್ರ ಅದರಲ್ಲಿ ಇಡಿ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಇದೆಯಾ ಅಂತ ನೋಡಿಕೊಂಡು ಸರ್ಕಾರದ ಪುಟಗಳನ್ನು ಸೇರಿಸಿ. ಸರ್ಕಾರದ್ದೇ ಅನ್ನಿಸುವಂಥ ಹೆಸರಿನ ಖಾಸಗಿ ಪುಟಗಳೂ ಇವೆ.

ಹುಡುಕುವ ಮೊದಲು ನಿಮ್ಮ ಅಂದಾಜನ್ನು ಒಂದು ಸಾಲು ಬರೆದುಕೊಳ್ಳಿ. ಸಿಕ್ಕಿದ ಉತ್ತರ ಅಂದಾಜಿಗಿಂತ ತೀರಾ ಬೇರೆ ಇದ್ದರೆ ಅಲ್ಲೇ ನಿಂತು ಯೋಚಿಸುತ್ತೀರಿ. ಚಿಕ್ಕಪ್ಪನನ್ನು ಅವತ್ತು ನಾನು ಮೊದಲೇ ಕೇಳಿದ್ದರೆ, "ಕಾಂಡಕೊರಕ ನಂಗೆ ಗೊತ್ತಿಲ್ವೇನಪ್ಪ, ಇದು ಬೇರೆ ಥರ ಐತಿ" ಅಂತ ಹೇಳುತ್ತಿದ್ದರು. ಮೂವತ್ತು ವರ್ಷ ಹೊಲ ನೋಡಿದವರು ಅವರು. ಆಮೇಲೆ ಹಾಗಂತ ಹೇಳಿದರು ಕೂಡ. ನಾನು ಅವರ ಕಣ್ಣನ್ನು ಬಿಟ್ಟು ಪರದೆಯನ್ನು ನಂಬಿದ್ದೆ. ಅದು ಈಗಲೂ ನನ್ನನ್ನು ಕಾಡುತ್ತದೆ.

ಮನೆಯಲ್ಲಿ ಯಾರೇ ಏನೇ ಹೇಳಿದರೂ "ಇದು ಎಲ್ಲಿಂದ ಗೊತ್ತಾಯ್ತು?" ಅಂತ ಕೇಳುವ ರೂಢಿ ಮಾಡಿ. ಹಿರಿಯರಿಗಾದರೆ ಮರ್ಯಾದೆಯಿಂದ, ಸಮಾಧಾನದಿಂದ ಕೇಳಿ. ನಮ್ಮ ಮನೆಯಲ್ಲಿ ಈಗ ಮಗಳು ನನ್ನನ್ನೇ ಕೇಳುತ್ತಾಳೆ. ಉತ್ತರ ಇಲ್ಲದಿದ್ದರೆ ಇಬ್ಬರೂ ಕೂತು ಹುಡುಕುತ್ತೇವೆ.

ಊರಿನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ ಕ್ಯಾಲೆಂಡರ್ ಮೇಲೆ ಚಿಕ್ಕಪ್ಪ ಮೂರು ನಂಬರ್ ಬರೆದಿಟ್ಟಿದ್ದಾರೆ. ಒಂದು ರೈತ ಸಂಪರ್ಕ ಕೇಂದ್ರದ್ದು, ಒಂದು ಕೃಷಿ ವಿಜ್ಞಾನ ಕೇಂದ್ರದ್ದು. ಮೂರನೆಯದು ಕಿಸಾನ್ ಕಾಲ್ ಸೆಂಟರ್‌ದು: 1800-180-1551. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಇರುತ್ತಾರೆ. ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಬಂದಾಗ ಅವರು ಮೊದಲು ಮಾಡುವ ಕೆಲಸ ಆ ಮೂರು ನಂಬರನ್ನು ಅದರ ಮೇಲೆ ಬರೆಯುವುದು.