ವಿಎಂ ಒಳಗೆ ಜಾಗವಿತ್ತು, ಪೂಲ್ ತುಂಬಿತ್ತು

ಹುಬ್ಬಳ್ಳಿಯ ಒಂದು ಸಂಸ್ಥೆಯಲ್ಲಿ 11 ವರ್ಚುವಲ್ ಯಂತ್ರಗಳನ್ನು (ವಿಎಂ, ಅಂದರೆ ಒಂದೇ ಯಂತ್ರದೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವವು) ಒಂದೇ ಸರ್ವರಿನ ಮೇಲೆ, ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶದಲ್ಲಿ ನಡೆಸುವ ಹೊಣೆ ನನ್ನದು. ಲೆಕ್ಕಪತ್ರದ ವಿಂಡೋಸ್ ಸರ್ವರ್, ಎಲ್ಲ ವಿಭಾಗಗಳ ಕಡತಗಳಿರುವ ಫೈಲ್ ಸರ್ವರ್, ಇಮೇಲ್, ಹಾಜರಾತಿ, ಸಂಸ್ಥೆಯ ವೆಬ್‌ಸೈಟ್ ಎಲ್ಲವೂ ಅದರ ಮೇಲೆಯೇ ಇವೆ. 1.92 ಟಿಬಿಯ ಎರಡು ಎಸ್‌ಎಸ್‌ಡಿಗಳನ್ನು ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ ರೇಡ್ 1ರಲ್ಲಿ ಜೋಡಿಸಿ, ಅದರ ಮೇಲೆ ಎಲ್‌ವಿಎಂ ಥಿನ್ ಪೂಲ್, ಅಂದರೆ ನಿಜವಾಗಿ ಬರೆದಾಗ ಮಾತ್ರ ಜಾಗ ಕೊಡುವ ಸಾಮೂಹಿಕ ಸಂಗ್ರಹ, ಮಾಡಿಕೊಂಡಿದ್ದೇವೆ. ಬಳಕೆಗೆ ಸಿಗುವುದು ಸುಮಾರು 1.6 ಟಿಬಿ. ಆದರೆ ವಿಎಂಗಳಿಗೆಲ್ಲ ನಾನು ಹಂಚಿಕೊಟ್ಟಿದ್ದ ಡಿಸ್ಕುಗಳ ಅಳತೆಯನ್ನು ಕೂಡಿಸಿದರೆ 2.7 ಟಿಬಿ ಆಗುತ್ತಿತ್ತು. ಸಾವಿರ ಲಗ್ನಪತ್ರಿಕೆ ಹಂಚಿ ಆರುನೂರು ಎಲೆಗೆ ಅಡುಗೆ ಮಾಡಿಸುವ ಲೆಕ್ಕ ಇದು. ಎಲ್ಲರೂ ಒಂದೇ ಪಂಕ್ತಿಗೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ನಡೆಯುತ್ತದೆ, ಬಹಳ ದಿನ ಚೆನ್ನಾಗಿಯೇ ನಡೆಯುತ್ತದೆ.

ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ ಲೆಕ್ಕಪತ್ರ ವಿಭಾಗದಿಂದ ಕರೆ ಬಂತು: "ಸರ್ರ, ಟ್ಯಾಲಿ ಹಂಗ ನಿಂತಬಿಟ್ಟೈತ್ರಿ, ಯಾರದೂ ಎಂಟ್ರಿ ಹೋಗವಲ್ದು." ಐದು ನಿಮಿಷದಲ್ಲಿ ಇಮೇಲ್ ಬರುತ್ತಿಲ್ಲವೆಂದು ಇನ್ನೊಬ್ಬರು ಹೇಳಿದರು. ವಿಚಿತ್ರವೆಂದರೆ ವೆಬ್‌ಸೈಟ್ ಮಾತ್ರ ಏನೂ ಆಗದಂತೆ ತೆರೆದುಕೊಳ್ಳುತ್ತಿತ್ತು. ಒಂದೇ ಯಂತ್ರ, ಒಂದೇ ಡಿಸ್ಕ್ ಜೋಡಿ ಇರುವಾಗ ಅರ್ಧ ಸತ್ತು ಅರ್ಧ ಬದುಕುವುದು ಹೇಗೆಂದು ನಾನು ಮೊದಲ ಕೆಲವು ನಿಮಿಷ ನೆಟ್‌ವರ್ಕ್ ಸ್ವಿಚ್ಚಿನ ಮೇಲೆಯೇ ಅನುಮಾನಪಟ್ಟೆ.

ಪ್ರಾಕ್ಸ್‌ಮಾಕ್ಸಿನ ಪರದೆ ತೆರೆದಾಗ ಎರಡು ವಿಎಂಗಳ ಪಕ್ಕದಲ್ಲಿ ಹಳದಿ ತ್ರಿಕೋನ ಕಾಣಿಸಿತು. ಅವುಗಳ ಸ್ಥಿತಿ "ಐಒ ಎರರ್", ಅಂದರೆ ಓದು-ಬರಹದ ದೋಷ, ಎಂದಿತ್ತು. ನನ್ನ ಜೊತೆ ಕೆಲಸ ಮಾಡುವ ಹುಡುಗ ಅಷ್ಟರಲ್ಲಿ ಸರ್ವರಿಗೆ ಲಾಗಿನ್ ಆಗಿ, ಡಿಸ್ಕ್ ಎಷ್ಟು ತುಂಬಿದೆಯೆಂದು ತೋರಿಸುವ ಡಿಎಫ್ ಆದೇಶ ಕೊಟ್ಟು, "ಡಿಸ್ಕ್ ಬರೀ ಶೇ. 22 ತುಂಬೇತ್ರಿ ಸರ್ರ, ಒಮ್ಮೆ ರೀಸ್ಟಾರ್ಟ್ ಮಾಡಿಬಿಡ್ಲೇನ್ರಿ?" ಎಂದು ಕೇಳಿದ. ಅವನು ನೋಡಿದ ಅಂಕಿ ಸುಳ್ಳಲ್ಲ. ಅದು ಸರ್ವರಿನ ಸ್ವಂತ ರೂಟ್ ವಿಭಾಗದ ಅಂಕಿ, ವಿಎಂಗಳಿಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ಶುಕ್ರವಾರ ನಾನು ವಿಂಡೋಸಿನ ಒಳಗಿನಿಂದ ನೋಡಿದಾಗ ಡಿ ಡ್ರೈವಿನಲ್ಲಿ 180 ಜಿಬಿ ಖಾಲಿ ಇತ್ತು, ಅದೂ ಸುಳ್ಳಲ್ಲ. ನೋಡಬೇಕಾಗಿದ್ದ ಮೂರನೆಯ ಅಂಕಿಯನ್ನು ನಾವಿಬ್ಬರೂ ತಿಂಗಳುಗಟ್ಟಲೆ ನೋಡಿರಲಿಲ್ಲ. ಎಲ್‌ವಿಎಸ್ ಎಂಬ ಆದೇಶ ಕೊಟ್ಟಾಗ ಪೂಲಿನ ಸಾಲಿನಲ್ಲಿ ಡೇಟಾ ಶೇ. 100.00 ಎಂದು ಬಂತು, ಅದರ ಪಕ್ಕದ ಮೆಟಾಡೇಟಾ ಶೇ. 5ರ ಆಸುಪಾಸಿನಲ್ಲಿತ್ತು. ಈ ಎರಡನೆಯದು ಕಡಿಮೆ ಇದ್ದದ್ದನ್ನು ನೋಡಿ ಉಸಿರು ಬಿಟ್ಟೆ. ಡೇಟಾ ತುಂಬಿದರೆ ಜಾಗ ಕೊಟ್ಟು ಎಬ್ಬಿಸಬಹುದು. ಯಾವ ಬ್ಲಾಕ್ (ಡಿಸ್ಕಿನ ಸಣ್ಣ ತುಂಡು) ಯಾರದ್ದೆಂಬ ನಕ್ಷೆಯೇ ಇರುವ ಮೆಟಾಡೇಟಾ ತುಂಬಿದರೆ ಪೂಲ್ ಬರವಣಿಗೆಗೆ ಮುಚ್ಚಿಕೊಳ್ಳುತ್ತದೆ, ಆಮೇಲೆ ದುರಸ್ತಿ ಆದೇಶಗಳ ದಾರಿ ಹಿಡಿಯಬೇಕಾಗುತ್ತದೆ.

ರೀಸ್ಟಾರ್ಟ್ ಬೇಡವೆಂದು ಅವನ ಕೈ ಹಿಡಿದದ್ದೇ ಆ ದಿನ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸವೆಂದು ಈಗಲೂ ಅನ್ನಿಸುತ್ತದೆ. ಪೂಲ್ ತುಂಬಿದಾಗ ಸರ್ವರಿನ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಹೊಸ ಬರವಣಿಗೆಗಳನ್ನು ತಕ್ಷಣ ತಿರಸ್ಕರಿಸದೆ ಸಾಮಾನ್ಯವಾಗಿ 60 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಜಾಗ ಸಿಗದಿದ್ದರೆ "ಸ್ಥಳವಿಲ್ಲ" ಎಂಬ ದೋಷವನ್ನು ಮೇಲಕ್ಕೆ ಕಳುಹಿಸುತ್ತದೆ, ಆ ದೋಷ ಬಂದ ಕೂಡಲೇ ವಿಎಂಗಳನ್ನು ಓಡಿಸುವ ಕ್ಯೂಎಂಯು ಎಂಬ ತಂತ್ರಾಂಶ ವಿಎಂ ಅನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಅಂದರೆ ವಿಂಡೋಸಿಗೆ ತಾನು ನಿಂತಿದ್ದೇನೆಂಬುದೇ ಗೊತ್ತಿರುವುದಿಲ್ಲ. ಅರ್ಧ ಬರೆದ ಎಂಟ್ರಿ ಮೆಮೊರಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಆ ಹೊತ್ತಿನಲ್ಲಿ ವಿಎಂ ಅನ್ನು ಬಲವಂತವಾಗಿ ಆರಿಸಿದರೆ ಮಾತ್ರ ಆ ಬರವಣಿಗೆ ನಿಜವಾಗಿಯೂ ಕಳೆದುಹೋಗುತ್ತದೆ. ವೆಬ್‌ಸೈಟ್ ಏಕೆ ನಡೆಯುತ್ತಿತ್ತೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ: ಈಗಾಗಲೇ ತನ್ನ ಪಾಲಿಗೆ ಬಂದಿರುವ ಬ್ಲಾಕುಗಳನ್ನು ಓದುವುದಕ್ಕೂ ಅವುಗಳ ಮೇಲೆಯೇ ಮತ್ತೆ ಬರೆಯುವುದಕ್ಕೂ ಪೂಲಿನಿಂದ ಹೊಸ ಜಾಗ ಬೇಕಿಲ್ಲ.

ಪ್ರಾಕ್ಸ್‌ಮಾಕ್ಸಿನ ಇನ್‌ಸ್ಟಾಲರ್ ದೊಡ್ಡ ಡಿಸ್ಕುಗಳಲ್ಲಿ, ಪೂಲಿಗೂ ಜಾಗ ಕೊಡುವ ವಾಲ್ಯೂಮ್ ಗ್ರೂಪಿನ 16 ಜಿಬಿಯನ್ನು ಯಾರಿಗೂ ಕೊಡದೆ ಬದಿಗಿಟ್ಟಿರುತ್ತದೆ. ಹಿಂದೊಮ್ಮೆ ಇದನ್ನು ದಂಡದ ಜಾಗವೆಂದು ಬೈದುಕೊಂಡಿದ್ದೆ. ಅದರಲ್ಲಿ 12 ಜಿಬಿಯನ್ನು ಎಲ್‌ವಿಎಕ್ಸ್‌ಟೆಂಡ್ ಮೂಲಕ ಪೂಲಿಗೆ ಸೇರಿಸಿದೆ. ವಿಎಂಗಳನ್ನು ಆಗಲೇ ಎಬ್ಬಿಸಲಿಲ್ಲ, ಎಬ್ಬಿಸಿದ್ದರೆ ಆ 12 ಜಿಬಿಯನ್ನೂ ಮಧ್ಯಾಹ್ನದೊಳಗೆ ನುಂಗುತ್ತಿದ್ದವು. ಮೊದಲು ಪೂಲನ್ನು ತಿಂದವರು ಯಾರೆಂದು ಹುಡುಕಿದೆವು.

ಸಿಕ್ಕಿದ್ದು ನನ್ನದೇ ಕೈಬರಹ. ನಾಲ್ಕು ತಿಂಗಳ ಹಿಂದೆ ಲೆಕ್ಕಪತ್ರದ ತಂತ್ರಾಂಶದ ಆವೃತ್ತಿ ಬದಲಾಯಿಸುವ ಮುನ್ನ ನಾನೇ ತೆಗೆದಿಟ್ಟಿದ್ದ "ಅಪ್‌ಗ್ರೇಡ್ ಮುನ್ನ" ಎಂಬ ಸ್ನ್ಯಾಪ್‌ಶಾಟ್, ಅಂದರೆ ಬೇಕಾದರೆ ಹಿಂದಿರುಗಲು ಹಿಡಿದಿಟ್ಟ ಡಿಸ್ಕಿನ ಆ ಹೊತ್ತಿನ ಸ್ಥಿತಿ, ಹಾಗೆಯೇ ಉಳಿದಿತ್ತು. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಅದಕ್ಕೆ ಜಾಗವೇ ಬೇಕಾಗುವುದಿಲ್ಲ, ಆದರೆ ಆ ನಂತರ ಡಿಸ್ಕಿನ ಯಾವ ಭಾಗವನ್ನು ತಿದ್ದಿದರೂ ಹಳೆಯ ಬ್ಲಾಕನ್ನು ಉಳಿಸಿಕೊಂಡು ಹೊಸ ಬ್ಲಾಕಿನಲ್ಲಿ ಬರೆಯಬೇಕಾಗುತ್ತದೆ. ಆ ಸರ್ವರಿನಲ್ಲಿ ಪ್ರತಿ ರಾತ್ರಿ ಡೇಟಾದ ಒಂದು ಜಿಪ್ ಪ್ರತಿ ಡಿ ಡ್ರೈವಿನಲ್ಲೇ ತಯಾರಾಗಿ, ವಾರದ ಹಿಂದಿನದು ಅಳಿಯುತ್ತಿತ್ತು. ವಿಂಡೋಸಿನ ದೃಷ್ಟಿಯಲ್ಲಿ ಇದು ಇದ್ದ ಜಾಗದಲ್ಲಿಯೇ ನಡೆಯುವ ಸುತ್ತು, ಪೂಲಿನ ದೃಷ್ಟಿಯಲ್ಲಿ ಹೊಸ ಕಡೆ ಬಿದ್ದ ಬರಹಕ್ಕೆಲ್ಲ ಹೊಸ ಖರ್ಚು. ಪೂಲ್ ತುಂಬಿದಾಗ ಮೊದಲು ನಿಂತದ್ದು ಇದೇ ಸರ್ವರ್ ಆಗಿದ್ದೂ ಆಕಸ್ಮಿಕವಲ್ಲ: ಸ್ನ್ಯಾಪ್‌ಶಾಟಿನೊಂದಿಗೆ ಹಂಚಿಕೊಂಡ ಬ್ಲಾಕಿನ ಮೇಲೆ ಬರೆಯಲು ಹೋದರೂ ಅದಕ್ಕೆ ಹೊಸ ಜಾಗ ಬೇಕೇ ಬೇಕಿತ್ತು.

ಹಿಂದಿನ ರಾತ್ರಿಯ ಬ್ಯಾಕಪ್ ಬೇರೆ ಸರ್ವರಿನಲ್ಲಿ ಸರಿಯಾಗಿ ಮುಗಿದಿದೆಯೆಂದು ಖಚಿತ ಮಾಡಿಕೊಂಡು ಆ ಸ್ನ್ಯಾಪ್‌ಶಾಟನ್ನು ಅಳಿಸಿದೆ. ಅಂಕಿ ನೋಡನೋಡುತ್ತ ಇಳಿದು ಶೇ. 83ಕ್ಕೆ ನಿಂತಿತು. ಅಂದರೆ ಸುಮಾರು 280 ಜಿಬಿ ಆ ಒಂದು ಮರೆವಿನ ಬಾಬ್ತು. ಆಮೇಲೆ ಎರಡೂ ವಿಎಂಗಳಿಗೆ ರೆಸ್ಯೂಮ್ ಕೊಟ್ಟಾಗ, ನಿಂತಿದ್ದ ಬರವಣಿಗೆಯನ್ನು ಮತ್ತೆ ಪ್ರಯತ್ನಿಸಿ ಅವು ನಿಂತಲ್ಲಿಂದಲೇ ಮುಂದುವರಿದವು. ಒಂದು ಕಿರಿಕಿರಿ ಉಳಿದಿತ್ತು: 50 ನಿಮಿಷ ನಿಂತಿದ್ದ ವಿಂಡೋಸಿನ ಗಡಿಯಾರವೂ ಅಷ್ಟೇ ಹಿಂದೆ ಉಳಿದಿತ್ತು. ಎಲ್ಲ ಬಳಕೆದಾರರ ಗುರುತನ್ನು ಒಂದೇ ಕಡೆ ಪರಿಶೀಲಿಸುವ ಡೊಮೇನ್ ಲಾಗಿನ್ನಿನಲ್ಲಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಸಮಯದ ಅಂತರವನ್ನು ಒಪ್ಪುವುದಿಲ್ಲವಾದ್ದರಿಂದ, ಸಮಯ ಸರಿಪಡಿಸಿ, ಈವೆಂಟ್ ಲಾಗಿನಲ್ಲಿ ಡಿಸ್ಕ್ ದೋಷಗಳಿಲ್ಲವೆಂದು ನೋಡಿದ ಮೇಲೆಯೇ ಎಂಟ್ರಿ ಶುರುಮಾಡಲು ಹೇಳಿದೆ.

ಶೇ. 83 ಕೂಡ ನೆಮ್ಮದಿಯ ಅಂಕಿಯಲ್ಲ. ಫೈಲ್ ಸರ್ವರಿನಿಂದ ಹಿಂದಿನ ವರ್ಷ 300 ಜಿಬಿಗೂ ಹೆಚ್ಚಿನ ಹಳೆಯ ಸ್ಕ್ಯಾನ್ ಕಡತಗಳನ್ನು ಬೇರೆಡೆಗೆ ಸಾಗಿಸಿ ಅಳಿಸಿದ್ದೆವು, ಆದರೂ ಪೂಲಿಗೆ ಅದರಲ್ಲಿ ಒಂದು ಜಿಬಿಯೂ ಮರಳಿರಲಿಲ್ಲ. ವಿಎಂ ಒಳಗೆ ಕಡತ ಅಳಿಸಿದರೆ ಆ ಸುದ್ದಿ ಕೆಳಗಿನ ಪೂಲಿಗೆ ತಾನಾಗಿ ತಲುಪುವುದಿಲ್ಲ. ವಿಎಂನ ಡಿಸ್ಕ್ ಸೆಟ್ಟಿಂಗಿನಲ್ಲಿ ಡಿಸ್ಕಾರ್ಡ್ ಎಂಬ ಚೌಕಕ್ಕೆ ಗುರುತು ಹಾಕಿರಬೇಕು, ಒಳಗಿನಿಂದ ಲಿನಕ್ಸ್ ಆದರೆ ಎಫ್‌ಎಸ್‌ಟ್ರಿಮ್, ವಿಂಡೋಸ್ ಆದರೆ ಡ್ರೈವ್ ಆಪ್ಟಿಮೈಸ್ ಓಡಿಸಬೇಕು. ಖಾಲಿಯಾದ ಜಾಗದ ಸುದ್ದಿಯನ್ನು ಕೆಳಗೆ ಮುಟ್ಟಿಸುವ ಈ ಕೆಲಸಕ್ಕೆ ಟ್ರಿಮ್ ಎನ್ನುತ್ತಾರೆ. ನಾನು ಚೌಕಕ್ಕೆ ಗುರುತು ಹಾಕಿ, ಲಿನಕ್ಸಿನ ಒಳಗಿನಿಂದಲೇ ರೀಬೂಟ್ ಮಾಡಿ, ಏನೂ ಆಗಲಿಲ್ಲವೆಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಆ ಬದಲಾವಣೆ ಜಾರಿಗೆ ಬರಲು ವಿಎಂ ಪೂರ್ತಿ ಆರಿ ಮತ್ತೆ ಹೊತ್ತಬೇಕು, ಇಲ್ಲವೇ ಪ್ರಾಕ್ಸ್‌ಮಾಕ್ಸಿನ ಪರದೆಯಿಂದಲೇ ರೀಬೂಟ್ ಕೊಡಬೇಕು. ಸ್ನ್ಯಾಪ್‌ಶಾಟ್ ಇರುವಾಗ ಟ್ರಿಮ್ ಮಾಡಿದರೂ ಅದು ಹಿಡಿದುಕೊಂಡ ಬ್ಲಾಕುಗಳು ಬಿಡುಗಡೆಯಾಗುವುದಿಲ್ಲವಾದ್ದರಿಂದ ಸ್ನ್ಯಾಪ್‌ಶಾಟ್ ಅಳಿಸುವುದು ಮೊದಲು, ಟ್ರಿಮ್ ಆಮೇಲೆ. ಎಲ್ಲ ವಿಎಂಗಳಲ್ಲೂ ಒಟ್ಟಿಗೆ ಟ್ರಿಮ್ ಓಡಿಸಿ ಸರ್ವರನ್ನು ಉಸಿರುಗಟ್ಟಿಸಿದ ಅನುಭವವೂ ಒಮ್ಮೆ ಆದ ಮೇಲೆ, ಈಗ ಒಂದೊಂದಕ್ಕೂ ಬೇರೆ ಬೇರೆ ರಾತ್ರಿ ಗೊತ್ತುಮಾಡಿದ್ದೇನೆ. ಆ ವಾರಾಂತ್ಯದ ಹೊತ್ತಿಗೆ ಪೂಲ್ ಶೇ. 64ಕ್ಕೆ ಬಂದಿತ್ತು.

ಎಚ್ಚರಿಕೆಯ ವ್ಯವಸ್ಥೆ ಇರಲಿಲ್ಲವೇ ಎಂದು ಕಾರ್ಯದರ್ಶಿಗಳು ಕೇಳಿದರು. ಇತ್ತು. ಶೇ. 80 ದಾಟಿದರೆ ಇಮೇಲ್ ಕಳುಹಿಸುವ ಸಣ್ಣ ಸ್ಕ್ರಿಪ್ಟನ್ನು ನಾನೇ ಬರೆದಿಟ್ಟಿದ್ದೆ. ಅದು ತಿಂಗಳಿನಿಂದ ದಿನಕ್ಕೊಂದು ಪತ್ರ ಕಳುಹಿಸುತ್ತಲೂ ಇತ್ತು, ನಾನು ತೆರೆದು ನೋಡದ ಒಂದು ಫೋಲ್ಡರಿಗೆ. ಕೊನೆಯ ದಿನದ ಪತ್ರ ಮಾತ್ರ ಹೊರಡಲೇ ಇಲ್ಲ, ಏಕೆಂದರೆ ಇಮೇಲ್ ಸರ್ವರ್ ಇದ್ದದ್ದೂ ಅದೇ ಪೂಲಿನ ಮೇಲೆ. ಈಗ ಅದೇ ಸ್ಕ್ರಿಪ್ಟ್ 15 ನಿಮಿಷಕ್ಕೊಮ್ಮೆ ಡೇಟಾ, ಮೆಟಾಡೇಟಾ ಎರಡನ್ನೂ ಓದಿ, ಮೂರು ದಿನಕ್ಕಿಂತ ಹಳೆಯ ಸ್ನ್ಯಾಪ್‌ಶಾಟುಗಳ ಹೆಸರನ್ನೂ ಸೇರಿಸಿ, ವಿಎಂಗಳನ್ನು ಹೊತ್ತ ಸರ್ವರಿನಿಂದಲೇ ನೇರವಾಗಿ ನಮ್ಮಿಬ್ಬರ ಟೆಲಿಗ್ರಾಂಗೆ ಕಳುಹಿಸುತ್ತದೆ. ಎಲ್‌ವಿಎಂನಲ್ಲಿ ಪೂಲ್ ತಾನಾಗಿ ಬೆಳೆಯುವ ಸೌಲಭ್ಯವೂ ಇದೆ, ಆದರೆ ಅದರ ಮಿತಿ ಮೂಲದಲ್ಲಿ 100 ಎಂದಿರುತ್ತದೆ, ಅಂದರೆ ಅದು ಆರಿಸಿಟ್ಟ ಸ್ಥಿತಿ. ಅದನ್ನು 80 ಮಾಡಿದರೂ ಗ್ರೂಪಿನಲ್ಲಿ ಉಳಿಕೆ ಜಾಗವಿದ್ದರೆ ಮಾತ್ರ ಉಪಯೋಗ.

ಎರಡು ತಿಂಗಳ ನಂತರ ಬ್ಯಾಕಪ್ ಇಡುವ ಹಳೆಯ ಸರ್ವರ್ ಇದ್ದಕ್ಕಿದ್ದಂತೆ ನಿಧಾನವಾಗಿ, ರಾತ್ರಿಯ ಕೆಲಸ ಬೆಳಿಗ್ಗೆ ಒಂಬತ್ತಾದರೂ ಮುಗಿಯದಿದ್ದಾಗ, ನಾವು ಮೊದಲು ನೋಡಿದ್ದು ಪೂಲನ್ನೇ. ಅಲ್ಲಿ ಜಾಗ ಧಾರಾಳವಾಗಿತ್ತು. ಡಿಸ್ಕುಗಳು ತಮ್ಮ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ, ಕೆಟ್ಟ ಭಾಗಗಳ ಸುಳಿವು ಕೊಡುವ ಬದಲಿ ಸೆಕ್ಟರ್, ಬಾಕಿ ಸೆಕ್ಟರ್ ಎರಡೂ ನಾಲ್ಕೂ ಹಾರ್ಡ್ ಡಿಸ್ಕುಗಳಲ್ಲಿ ಸೊನ್ನೆ. ಕೊನೆಗೆ ರೇಡ್ ಕಾರ್ಡಿನ ಬ್ಯಾಟರಿ ಸತ್ತದ್ದು ಗೊತ್ತಾಯಿತು. ವಿದ್ಯುತ್ ಹೋದರೆ ಕ್ಯಾಷ್ ಕಾಯುವವರಿಲ್ಲವೆಂದು ಕಾರ್ಡು ರೈಟ್ ಬ್ಯಾಕ್ (ಬರಹವನ್ನು ಮೊದಲು ಕ್ಯಾಷಿನಲ್ಲಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಹಾಕುವ ಕ್ರಮ) ಬಿಟ್ಟು, ಪ್ರತಿ ಬರಹವನ್ನೂ ಡಿಸ್ಕಿಗೆ ತಲುಪಿಸಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿತ್ತು. ಹೊಸ ಬ್ಯಾಟರಿ ಬರುವವರೆಗೆ ರೈಟ್ ಬ್ಯಾಕನ್ನು ಬಲವಂತವಾಗಿ ಚಾಲೂ ಮಾಡುವ ಆಸೆ ಬಂದರೂ, ಮಳೆಗಾಲದ ಕರೆಂಟನ್ನು ನೆನೆದು ಸುಮ್ಮನಾದೆ.

ಸೋಮವಾರದ ಮೊದಲ ಕೆಲಸವಾಗಿ ಹುಡುಗ ಈಗ ಮೂರು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ: ಪೂಲಿನ ಡೇಟಾ, ಮೆಟಾಡೇಟಾ, ಹಂಚಿದ ಒಟ್ಟು ಅಳತೆ. ಈ ವಾರದ ಸಾಲಿನಲ್ಲಿ 71, 5, 2.9 ಎಂದಿದೆ. ಇನ್ನೆರಡು ಎಸ್‌ಎಸ್‌ಡಿಗಳಿಗಾಗಿ ನಾನು ಕೊಟ್ಟ ಬೇಡಿಕೆ ಪತ್ರ ಖರೀದಿ ಸಮಿತಿಯ ಮುಂದಿದೆ.