ಚಿಕ್ಕದೇವರಾಜರ ಆಡಳಿತವನ್ನು ಹಲವು ಪಠ್ಯಗಳಿಂದ ಪಾಠ ಮಾಡಿದ ನನ್ನ ಅನುಭವ

ಒಬ್ಬ ಅರಸನ ಸುಧಾರಣೆಗಳನ್ನು ಹೊಗಳುವ ಪಠ್ಯವನ್ನೂ ತೆಗಳುವ ಪಠ್ಯವನ್ನೂ ಒಟ್ಟಿಗೆ ಕೊಟ್ಟರೆ ಮಕ್ಕಳು ಗೊಂದಲಕ್ಕೆ ಬಿದ್ದು ಅಂಕ ಕಳೆದುಕೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ಹೇಳುತ್ತಲೇ ಬಂದಿದ್ದರು. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673-1704) ಪಾಠದಲ್ಲಿ ಹಾಗಾಗಲಿಲ್ಲ. ನನ್ನ ತರಗತಿಯ ದೀರ್ಘ ಉತ್ತರಗಳು ಈಗ ಶಾಲೆಯಲ್ಲೇ ಉತ್ತಮವಾಗಿವೆ ಎಂದು ಸಂತೋಷದಿಂದ ಹೇಳಬಲ್ಲೆ.

ಹಳೆಯ ಪಠ್ಯಗಳನ್ನು ಕೂಡಿಹಾಕಲು ನನ್ನ ಕೈಯಿಂದ ಸುಮಾರು ಎರಡು ಸಾವಿರ ರೂಪಾಯಿ ಹೋಯಿತು. ಜೆರಾಕ್ಸ್ ಖರ್ಚು ಅದಕ್ಕಿಂತ ಹೆಚ್ಚಾಯಿತು, ಆ ಹಣ ಎಲ್ಲಿಂದಲೂ ಮರಳಿ ಬರಲಿಲ್ಲ. ಮೊದಲು ಸಾಧನೆ, ದೋಷ ಎಂಬ ಎರಡು ಅಂಕಣಗಳನ್ನು ಬರೆಸಿದಾಗ ಎಲ್ಲರೂ ಒಳಿತೂ ಇದೆ ಕೆಡುಕೂ ಇದೆ ಎಂದು ಬರೆದು ಕೈತೊಳೆದುಕೊಂಡರು. ಚರ್ಚಾಸ್ಪರ್ಧೆ ಏರ್ಪಡಿಸಿದರೆ ದೊಡ್ಡ ದನಿಯವರು ಗೆದ್ದರು, ಪಠ್ಯಗಳು ಮೂಲೆಗೆ ಸರಿದವು.

ಕೊನೆಗೆ ಫಲ ಕೊಟ್ಟದ್ದು ಒಂದೇ ಪ್ರಶ್ನೆ: ಪ್ರತಿ ಸುಧಾರಣೆಗೂ ಹಣ ಯಾರಿಂದ ಬಂತು, ಅದನ್ನು ಈ ಪಠ್ಯ ಹೇಳುತ್ತದೆಯೇ? ಹದಿನೆಂಟು ಇಲಾಖೆಗಳ ಅಠಾರ ಕಚೇರಿಯನ್ನು ಎಲ್ಲ ಪಠ್ಯಗಳೂ ಮೆಚ್ಚುತ್ತವೆ. ಅಂಚೆ ವ್ಯವಸ್ಥೆಯನ್ನು ಒಂದು ಪಠ್ಯ ಜನೋಪಯೋಗಿ ಎಂದರೆ, ಇನ್ನೊಂದು ಅದರ ನೌಕರರು ಅರಸನಿಗೆ ಗುಪ್ತ ವರ್ತಮಾನವನ್ನೂ ಮುಟ್ಟಿಸುತ್ತಿದ್ದರು ಎಂದು ಸೇರಿಸುತ್ತದೆ. ಮೊಗಲರ ಸೇನಾನಿ ಕಾಸಿಂ ಖಾನನಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಕೊಂಡದ್ದು, ತುಂಬಿದ ಬೊಕ್ಕಸದಿಂದ ನವಕೋಟಿ ನಾರಾಯಣ ಎಂಬ ಬಿರುದು ಬಂದದ್ದು ಒಂದು ಪಠ್ಯದಲ್ಲಿ ದಕ್ಷತೆಯ ಸಾಕ್ಷಿಯಾಗುತ್ತವೆ; ರೈತರ ತೆರಿಗೆ ಭಾರವನ್ನೂ ಅದನ್ನು ವಿರೋಧಿಸಿದ ಜಂಗಮರನ್ನೂ ಮಂತ್ರಿ ವಿಶಾಲಾಕ್ಷ ಪಂಡಿತರ ಕೊಲೆಯನ್ನೂ ಹೇಳುವ ಪಠ್ಯದಲ್ಲಿ ಅದೇ ಬೊಕ್ಕಸ ಆರೋಪವಾಗಿ ನಿಲ್ಲುತ್ತದೆ. ಅರಸ ಆ ಜಂಗಮರನ್ನು ಕೊಲ್ಲಿಸಿದನೆಂಬ ಪ್ರಸಂಗ ಬಂದಾಗ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅದನ್ನು ವಿಸ್ತಾರವಾಗಿ ಹೇಳಿದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಬರೆದದ್ದು ಘಟನೆಯಾಗಿ ನೂರಕ್ಕೂ ಹೆಚ್ಚು ವರ್ಷಗಳ ನಂತರ, ಮತ್ತು ಆ ಕಥನವನ್ನು ಮೈಸೂರಿನ ಇತಿಹಾಸ ಬರೆದ ಹಯವದನರಾಯರು ಸಂದೇಹದಿಂದ ಪರಿಶೀಲಿಸಿದ್ದಾರೆ. ಇದನ್ನು ತಿಳಿದ ಮೇಲೆ ಮಕ್ಕಳು ತೀರ್ಪಿಗಿಂತ ಮೊದಲು ಆಧಾರವನ್ನು ಕೇಳತೊಡಗುತ್ತಾರೆ.

ಪಠ್ಯಗಳನ್ನು ಯಾವ ಕ್ರಮದಲ್ಲಿ ಹಂಚುತ್ತೇನೆ ಎಂಬುದರಲ್ಲಿ ಈ ವಿಧಾನದ ಅರ್ಧ ಬಲವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇದೇ ಪ್ರಶ್ನೆಯನ್ನು ಮಹಮ್ಮದ್ ಬಿನ್ ತುಘಲಕನ ಮೇಲೂ ಪ್ರಯೋಗಿಸಿ ನೋಡಿದೆ. ದೇವಗಿರಿಗೆ ರಾಜಧಾನಿ ಬದಲಾವಣೆಯಲ್ಲಿ ಅಷ್ಟು ಫಲ ಸಿಗಲಿಲ್ಲ, ಆದರೆ ಬೆಳ್ಳಿ ನಾಣ್ಯದ ಬೆಲೆಗೆ ಅವನು ಚಲಾವಣೆಗೆ ತಂದ ಅಗ್ಗದ ಲೋಹದ ಸಾಂಕೇತಿಕ ನಾಣ್ಯಗಳ ಪಾಠದಲ್ಲಿ ಚೆನ್ನಾಗಿ ನಡೆಯಿತು, ಏಕೆಂದರೆ ಖೋಟಾ ನಾಣ್ಯಗಳನ್ನೂ ಬೆಳ್ಳಿಗೆ ಬದಲಾಯಿಸಿಕೊಟ್ಟ ನಷ್ಟವನ್ನು ಬೊಕ್ಕಸವೇ ಹೊತ್ತಿತು. ಚಿಕ್ಕದೇವರಾಜರ ಪಾಠಕ್ಕೆ ನಾಲ್ಕೈದು ಪೀರಿಯಡ್ ಬೇಕು. ಜೆರಾಕ್ಸ್‌ಗೆ ಹಣವಿಲ್ಲದಿದ್ದರೆ ಪ್ರತಿ ಪಠ್ಯದಿಂದ ಒಂದು ಪ್ಯಾರಾ ಬೋರ್ಡಿನ ಮೇಲೆ ಬರೆದರೂ ಸಾಕು.